ಇಲ್ಲದ ಮಸುಕು

"ಗುರುಗಳೇ, ಮಾರುವವನು ಒಪ್ಪಿ ಕೊಟ್ಟ ಮೇಲೆ ಕಡಿಮೆ ಬೆಲೆಗೆ ಕೊಳ್ಳುವುದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. "ತಪ್ಪು ಎಂದು ನಿನಗೆ ಯಾರಾದರೂ ಹೇಳಿದರೇ?"

"ಯಾರೂ ಹೇಳಲಿಲ್ಲ."

"ಮತ್ತೆ ಯಾರ ಜೊತೆ ವಾದಕ್ಕೆ ಇಳಿದಿದ್ದೀ?"

ಶಿಷ್ಯನಿಗೆ ನಗು ಬಂತು. ಅವನಿಗೆ ಹಳೆಯ ಫಿಲ್ಮ್ ಕ್ಯಾಮೆರಾಗಳ ಹುಚ್ಚು. ಗುಜರಿ ಅಂಗಡಿ, ಮುಚ್ಚಿದ ಸ್ಟುಡಿಯೋ, ಮನೆ ಖಾಲಿ ಮಾಡುವವರ ಬಾಗಿಲು ಎಂದು ಅಲೆದು, ಅಗ್ಗಕ್ಕೆ ಸಿಕ್ಕಿದ್ದನ್ನು ತರುತ್ತಿದ್ದ. ಹಿಂದಿನ ದಿನವೂ ಒಂದು ತಂದಿದ್ದ. ಅದು ನಿವೃತ್ತ ಗುಮಾಸ್ತರೊಬ್ಬರದು. ಮೂವತ್ತು ವರ್ಷ ಅವರು ಮನೆಯವರ ಚಿತ್ರಗಳನ್ನೆಲ್ಲ ಅದರಲ್ಲೇ ತೆಗೆದಿದ್ದರು.

"ಬೆಲೆ ಹೇಗೆ ಇಳಿಸಿದೆ?" ಎಂದರು ಗುರುಗಳು.

"ಶಟರ್ ಕೆಟ್ಟಿದೆ, ಇದರಲ್ಲಿ ತೆಗೆದ ಯಾವ ಚಿತ್ರವೂ ಸರಿಯಾಗಿ ಬಂದಿರಲಿಕ್ಕಿಲ್ಲ ಎಂದೆ. ಶಟರ್ ಚೆನ್ನಾಗಿಯೇ ಇತ್ತು. ಅಷ್ಟೂ ಹೇಳದಿದ್ದರೆ ಈ ವ್ಯವಹಾರದಲ್ಲಿ ಯಾರೂ ಬೆಲೆ ಇಳಿಸುವುದಿಲ್ಲ. ಅವರು ಮರುಮಾತಾಡದೆ ಕೊಟ್ಟರು."

ಗುರುಗಳು ಪುಸ್ತಕ ಮುಚ್ಚಿದರು. "ಕೂತುಕೋ" ಎಂದು ಹೇಳಿ ಕತೆ ಆರಂಭಿಸಿದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ಕ್ಯಾಮೆರಾ, ಲೆನ್ಸು, ಸ್ಟ್ಯಾಂಡು, ದೀಪ ಇವೇ ಅವನ ಸರಕು. ಊರೂರಿನ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಎಲ್ಲರ ಕೈಗೂ ಫೋನು ಬಂದಿತ್ತು. ಫಿಲ್ಮ್ ತೊಳೆಯುವವರಿಗೆ ಕೆಲಸವಿರಲಿಲ್ಲ. ವರ್ಷಗಟ್ಟಲೆ ಸಂಸಾರ ಸಾಕಿದ ಕ್ಯಾಮೆರಾಗಳು ಅಟ್ಟ ಸೇರಿದ್ದವು. ವ್ಯಾಪಾರಿ ಅವನ್ನು ಕೊಂಡು ಪಟ್ಟಣಕ್ಕೆ ಒಯ್ಯುತ್ತಿದ್ದ. ಅಲ್ಲಿ ಅವಕ್ಕೆ ಮುಗಿಬೀಳುವ ಜನರಿದ್ದರು, ನಿನ್ನಂಥವರು.

ಅವನು ಕಳ್ಳನಲ್ಲ. ಕದ್ದ ಮಾಲು ಮುಟ್ಟುತ್ತಿರಲಿಲ್ಲ. ಕೊಡುತ್ತೇನೆಂದ ದುಡ್ಡನ್ನು ಅಲ್ಲೇ ಕೊಡುತ್ತಿದ್ದ. ಹೋದ ಮನೆಯಲ್ಲಿ ಚಹಾ ಕುಡಿದು ಮೊಮ್ಮಕ್ಕಳ ಹೆಸರು ಕೇಳುತ್ತಿದ್ದ. ಆದರೆ ಅವನಿಗೆ ಒಂದು ವಿದ್ಯೆ ಕೈಹತ್ತಿತ್ತು. ತನಗೆ ಬೇಕಾದ ವಸ್ತುವನ್ನು ಅವನು ಮೊದಲು ನೋಡುತ್ತಲೇ ಇರಲಿಲ್ಲ. ಬೇಡದ ಸ್ಟ್ಯಾಂಡಿನ ಬೆಲೆ ಕೇಳುತ್ತಿದ್ದ. ಆಮೇಲೆ ಸುಮ್ಮನೆ ಎಂಬಂತೆ ಕ್ಯಾಮೆರಾ ಎತ್ತಿಕೊಂಡು, ಲೆನ್ಸಿನೊಳಗೆ ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿ, ಏನೂ ಹೇಳದೆ ಕೆಳಗಿಡುತ್ತಿದ್ದ. ಏನಾಗಿದೆ ಎಂದು ಮನೆಯವರೇ ಕೇಳಬೇಕು. ಆಗ ಒಂದು ದೋಷ ಹೇಳುತ್ತಿದ್ದ. ಆ ದೋಷ ಮನೆಯವರ ಕಣ್ಣಿಗೆ ಕಾಣುವಂಥದ್ದಾಗಿರಬಾರದು. ಚರ್ಮ ಹರಿದಿದೆ ಎಂದರೆ ಮುಟ್ಟಿ ನೋಡುತ್ತಾರೆ. ಲೆನ್ಸಿನ ಒಳಗೆ ಬೂಷ್ಟು ಹಿಡಿದಿದೆ ಎಂದರೆ ಬಿಚ್ಚಿ ನೋಡುವವರು ಯಾರು? ಈ ವಿದ್ಯೆ ಕಲಿಯಲು ಅವನಿಗೆ ಗುರು ಬೇಕಾಗಿರಲಿಲ್ಲ. ನಿನಗೂ ಬೇಕಾಗಿಲ್ಲ ನೋಡು.

ಬೆಲೆ ಕುದುರುವ ತನಕ ಮಾತ್ರ ಆ ಸುಳ್ಳಿಗೆ ಆಯಸ್ಸು ಎಂದು ಅವನು ತಿಳಿದಿದ್ದ. ಊರು ದಾಟುವಷ್ಟರಲ್ಲಿ ತಾನು ಏನು ಹೇಳಿದ್ದೆ ಎಂಬುದು ಅವನಿಗೇ ಮರೆತುಹೋಗಿರುತ್ತಿತ್ತು.

ಕಪ್ಪು ಮಣ್ಣಿನ ಎರೆಸೀಮೆಯ ಒಂದು ಊರಿನಲ್ಲಿ ಒಬ್ಬ ಮುದುಕ ಇದ್ದ. ನಲವತ್ತೈದು ವರ್ಷ ಸ್ಟುಡಿಯೋ ನಡೆಸಿದವನು. ಸುತ್ತಿನ ಹಳ್ಳಿಗಳವರು ಅವನನ್ನು ಫೋಟೋದಜ್ಜ ಎನ್ನುತ್ತಿದ್ದರು. ಆ ಕಡೆ ಒಂದು ಪದ್ಧತಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಮನೆಯವರೆಲ್ಲ ಸುತ್ತ ಕೂತು ಒಂದು ಚಿತ್ರ ತೆಗೆಸುತ್ತಾರೆ. ಬದುಕಿದ್ದಾಗ ಕ್ಯಾಮೆರಾದ ಮುಂದೆ ಕೂತವರು ಆ ಹಳ್ಳಿಗಳಲ್ಲಿ ಬಹಳ ಕಡಿಮೆ. ಎಷ್ಟೋ ಜನರಿಗೆ ಹುಟ್ಟಿದ ಮೇಲೆ ತೆಗೆದ ಮೊದಲ ಚಿತ್ರವೂ ಕೊನೆಯ ಚಿತ್ರವೂ ಅದೇ. ಸಾವಿನ ಮನೆಯಿಂದ ನೆಂಟರಿಗೆ ಹೇಳಿಕಳಿಸಿದ ಕೂಡಲೇ ಇವನಿಗೂ ಹೇಳಿಕಳಿಸುತ್ತಿದ್ದರು.

ಇವನು ಮರದ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಚಿತ್ರ ತೆಗೆದ ಮೇಲೆ ಮನೆಯವರನ್ನು ಒಂದು ಮಾತು ಕೇಳುತ್ತಿದ್ದ. ಕರೆದರೆ ಹೇಗೆ ನೋಡುತ್ತಿದ್ದರು? ರೆಪ್ಪೆ ಅರ್ಧ ಮುಚ್ಚುತ್ತಿದ್ದರೋ, ಕಣ್ಣು ಅಗಲಿಸುತ್ತಿದ್ದರೋ? ಎರಡರಲ್ಲಿ ಯಾವ ಕಣ್ಣು ಚಿಕ್ಕದು? ಸ್ಟುಡಿಯೋಗೆ ಬಂದು, ಚೂಪಾದ ಪೆನ್ಸಿಲ್ ಹಿಡಿದು, ಚಿತ್ರ ಮೂಡಿದ ಗಾಜಿನ ಪ್ಲೇಟಿನ ಮೇಲೆ ಸತ್ತವರ ಮುಚ್ಚಿದ ಕಣ್ಣುಗಳನ್ನು ತೆರೆಯುತ್ತಿದ್ದ. ಒಂದೊಂದು ಜೊತೆ ಕಣ್ಣಿಗೆ ಒಂದೊಂದು ದಿನ ಹಿಡಿಯುತ್ತಿತ್ತು. ಕಟ್ಟು ಹಾಕಿದ ಚಿತ್ರ ನೋಡಿ ಮನೆಯವರು, ಎದ್ದು ಕೂತ ಹಾಗಿದೆ ಎಂದು ಅಳುತ್ತಿದ್ದರು. ಆ ಅಳು ಕೇಳಿಯೇ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಆ ಪ್ಲೇಟುಗಳನ್ನೆಲ್ಲ ಅವನು ಕಾಗದದ ಲಕೋಟೆಗೆ ಹಾಕಿ, ಮನೆತನದ ಹೆಸರು ಬರೆದು, ಮರದ ಪೆಟ್ಟಿಗೆಗಳಲ್ಲಿ ಇಟ್ಟಿದ್ದ. ಗೋಡೆಯ ಮೇಲಿನ ಚಿತ್ರಕ್ಕೆ ಗೆದ್ದಲು ಹಿಡಿದರೆ ಜನ ಮತ್ತೆ ಅವನಲ್ಲಿಗೆ ಬರುತ್ತಿದ್ದರು. ಅವನು ಪೆಟ್ಟಿಗೆ ತೆರೆದು, ಅವರ ಅಪ್ಪನನ್ನೋ ಅವ್ವನನ್ನೋ ಹೊಸದಾಗಿ ಮಾಡಿ ಕೊಡುತ್ತಿದ್ದ. ಹದಿನೆಂಟು ಹಳ್ಳಿಗಳ ಸತ್ತವರ ಮುಖಗಳು ಆ ಪೆಟ್ಟಿಗೆಗಳಲ್ಲಿದ್ದವು. ಗೋಡೆಯ ಚಿತ್ರ ಹಾಳಾದರೆ ಅವು ಬೇರೆಲ್ಲೂ ಸಿಗುತ್ತಿರಲಿಲ್ಲ.

ವಯಸ್ಸಾಯಿತು. ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ಎಂದರೆ ಅವನಿಗೆ ಭಯ. ಎಲ್ಲವೂ ಮಂಜು ಮಂಜಾಗಿ ಕಾಣತೊಡಗಿದಾಗ ಚಿತ್ರ ತೆಗೆಯುವುದನ್ನು ನಿಲ್ಲಿಸಿದ. ಬೆಳಿಗ್ಗೆ ಬಂದು ಬಾಗಿಲು ತೆಗೆದು, ಪೆಟ್ಟಿಗೆಗಳ ಮುಂದೆ ಕೂತಿದ್ದು, ಸಂಜೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ.

ಅಲ್ಲಿಗೆ ಈ ವ್ಯಾಪಾರಿ ಬಂದ. ಮೂಲೆಯಲ್ಲಿದ್ದ ಮರದ ಕ್ಯಾಮೆರಾ, ಅದರ ಹಿತ್ತಾಳೆ ಕಟ್ಟಿನ ಲೆನ್ಸು ಅವನ ಕಣ್ಣಿಗೆ ಬಿತ್ತು. ಅಂಥ ಲೆನ್ಸಿಗಾಗಿ ಪಟ್ಟಣದಲ್ಲಿ ಒಬ್ಬ ಗಿರಾಕಿ ವರ್ಷದಿಂದ ಕಾಯುತ್ತಿದ್ದ. ಆದರೆ ಮುದುಕ ದೀಪ ಕೊಡುತ್ತೇನೆ, ಸ್ಟ್ಯಾಂಡು ಕೊಡುತ್ತೇನೆ, ಕ್ಯಾಮೆರಾ ಮಾತ್ರ ಕೊಡುವುದಿಲ್ಲ ಎಂದ. ವ್ಯಾಪಾರಿ ಆಗಲಿ ಎಂದು ಚಹಾ ತರಿಸಿದ. ಚಹಾ ಕುಡಿಯುತ್ತ ಕ್ಯಾಮೆರಾ ಎತ್ತಿಕೊಂಡ. ಟಾರ್ಚು ಬಿಟ್ಟ. ಬಹಳ ಹೊತ್ತು ನೋಡಿ ಕೆಳಗಿಟ್ಟ.

"ಯಾಕೋ ತಮ್ಮಾ, ಏನಾಗೈತಿ?" ಎಂದು ಮುದುಕ ಕೇಳಿದ.

"ಲೆನ್ಸಿನ್ಯಾಗ ಎರಡು ಗಾಜು ಕೂಡಿಸಿರತಾರಲ್ರಿ ಅಜ್ಜಾರ, ಆ ಅಂಟು ಬಿಟ್ಟೈತಿ. ಇದರಾಗ ತೆಗೆದ ಮುಖ ಎಲ್ಲಾ ಮಸಕು ಬರತಾವ."

"ಮಸಕು ಕಾಣೋದು ನನ್ನ ಕಣ್ಣಿಂದಪಾ. ಪೊರಿ ಬಂದೈತಿ."

ವ್ಯಾಪಾರಿ ಇಲ್ಲಿಗೆ ಬಿಡಬಹುದಿತ್ತು. ಮುದುಕ ತಾನಾಗಿಯೇ ಅವನಿಗೆ ಹಿಂದೆ ಸರಿಯುವ ದಾರಿ ತೋರಿಸಿದ್ದ. ಅವನು ಸರಿಯಲಿಲ್ಲ.

"ಕಣ್ಣಿಂದಲ್ರಿ. ಗಾಜಿಂದಽ ಐತಿ."

ಮುದುಕ ಪೆಟ್ಟಿಗೆಗಳ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಕೇಳಿದ: "ಹಿಂಗಾಗಿ ಎಷ್ಟು ವರ್ಷ ಆಗಿರಬೇಕು?"

ದೋಷ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ. ವ್ಯಾಪಾರಿ ಒಂದು ಲೆಕ್ಕಾಚಾರ ಮಾಡಿದವನಂತೆ ಮುಖ ಮಾಡಿ, "ಇಪ್ಪತ್ತು ವರ್ಷರ ಆಗಿರಬೇಕ್ರಿ" ಎಂದ.

ಮುದುಕ ಕ್ಯಾಮೆರಾ ಅವನ ಕಡೆ ತಳ್ಳಿದ. ಕೊಟ್ಟ ದುಡ್ಡನ್ನು ನೋಡದೆ ಜೇಬಿಗೆ ಹಾಕಿಕೊಂಡ. ವ್ಯಾಪಾರಿ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು, ಒಳ್ಳೆಯ ದಿನ ಎಂದುಕೊಂಡು ಬಸ್ ಹತ್ತಿದ.

ಇಲ್ಲಿಯ ತನಕ ಕತೆಯಲ್ಲಿ ವಿಶೇಷವೇನೂ ಇಲ್ಲ. ಇಂಥದ್ದು ದಿನಾ ನಡೆಯುತ್ತದೆ. ಮುಂದಿನದು ಕೇಳು.

ಮುದುಕ ಪೆಟ್ಟಿಗೆಗಳನ್ನು ಬಿಸಿಲಿಗೆ ಎಳೆದ. ಇಪ್ಪತ್ತು ವರ್ಷದ ಈಚಿನ ಪ್ಲೇಟುಗಳನ್ನು ತೆಗೆದು ಒಂದೊಂದಾಗಿ ಬೆಳಕಿಗೆ ಹಿಡಿದ. ಎಲ್ಲ ಮಸುಕು. ಪೊರೆ ಬಂದ ಕಣ್ಣಿಗೆ ಮಸುಕಲ್ಲದೆ ಇನ್ನೇನು ಕಂಡೀತು? ಆದರೆ ಪರವೂರಿನ ತಿಳಿದವನು, ಟಾರ್ಚು ಬಿಟ್ಟು ನೋಡಿದವನು, ಕಣ್ಣಿನ ತಪ್ಪಲ್ಲ ಎಂದು ಹೇಳಿ ಹೋಗಿದ್ದ. ಮುದುಕ ಇನ್ನೂ ಹಿಂದಿನ ಪೆಟ್ಟಿಗೆ ತೆರೆದ. ಮೂವತ್ತು ವರ್ಷದ ಹಿಂದಿನದು. ಅದೂ ಮಸುಕು. ಸ್ಟುಡಿಯೋ ತೆರೆದ ವರ್ಷದ್ದು. ಅದೂ ಹಾಗೇ. ಆಗ ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಆ ಮನುಷ್ಯ ಇಪ್ಪತ್ತು ಎಂದು ಕಡಿಮೆ ಹೇಳಿದ್ದಾನೆ ಎಂದುಕೊಂಡ.

ಎದ್ದು ಕೂತ ಹಾಗಿದೆ ಎಂದು ಅಳುತ್ತಿದ್ದವರೆಲ್ಲ ಅವನ ನೆನಪಿಗೆ ಬಂದರು. ಪಾಪ, ನನಗೆ ಬೇಸರವಾದೀತು ಎಂದು ಹಾಗೆ ಹೇಳಿರಬೇಕು. ನಲವತ್ತೈದು ವರ್ಷ ಹದಿನೆಂಟು ಹಳ್ಳಿಯವರು ನನ್ನನ್ನು ಸಹಿಸಿಕೊಂಡಿದ್ದಾರೆ. ಹೀಗೆ ಅವನ ಮನಸ್ಸು ಓಡಿತು. ಒಂದು ಮಾತು ಒಳಗೆ ಹೊಕ್ಕ ಮೇಲೆ, ಅದನ್ನು ಸಾಕುವ ಕೆಲಸ ನಾವೇ ಮಾಡುತ್ತೇವೆ. ನಾನೂ ಮಾಡಿದ್ದೇನೆ.

ಮರುದಿನದಿಂದ ಅವನು ಹಳ್ಳಿಗಳಿಗೆ ಹೊರಟ. ಮನೆ ಮನೆಗೆ ಹೋಗಿ, ಕೈಮುಗಿದು, ಗೋಡೆಯ ಮೇಲಿನ ಚಿತ್ರ ಕೊಡಿ ಎಂದು ಕೇಳಿದ. ಕೆಲವರು ಅಜ್ಜನಿಗೆ ಅರಳುಮರಳು ಎಂದು ನಕ್ಕರು. ಕೆಲವರು ಬೈದು ಕಳಿಸಿದರು. ಕೆಲವರು, ಅವನು ಬಾಗಿಲಲ್ಲಿ ನಿಂತ ರೀತಿ ನೋಡಲಾಗದೆ, ಇಳಿಸಿ ಕೊಟ್ಟುಬಿಟ್ಟರು.

ಒಂದು ಮನೆಯಲ್ಲಿ ಒಬ್ಬ ತಾಯಿ ಇದ್ದಳು. ಅವಳ ಮಗಳು ಒಂಬತ್ತು ವರ್ಷಕ್ಕೆ ಜ್ವರದಿಂದ ತೀರಿಕೊಂಡಿದ್ದಳು. ಆ ಮಗುವಿನದು ಅದೊಂದೇ ಚಿತ್ರ. ಮುದುಕ ಅದರ ಮುಂದೆ ನಿಂತು, "ಯವ್ವಾ, ಇದು ನಿನ್ನ ಮಗಳ ಮುಖ ಅಲ್ಲವಾ. ಲೆನ್ಸು ಕೆಟ್ಟಿತ್ತಂತ. ಕಣ್ಣು ಹೆಂಗೂ ನಾ ಬರದದ್ದು. ಇದರಾಗ ಆಕಿದು ಏನೂ ಇಲ್ಲ" ಎಂದ.

"ನನಗ ಆಕಿನಽ ಕಾಣತಾಳ್ರಿ ಅಜ್ಜಾರ. ಇರಲಿ ಬಿಡ್ರಿ" ಎಂದಳು ಅವಳು. ಚಿತ್ರ ಕೊಡಲಿಲ್ಲ. ಆದರೆ ಅಂದಿನಿಂದ ದೀಪ ಹಚ್ಚುವಾಗ ಅವಳ ಕೈ ನಿಲ್ಲತೊಡಗಿತು. ಮೂಗು ಹೀಗಿತ್ತೇ? ಗಲ್ಲ ಹೀಗಿತ್ತೇ? ಚಿತ್ರ ಬಿಟ್ಟು ಮಗಳನ್ನು ನೆನೆಸಿಕೊಳ್ಳಲು ಹೋದರೆ ಮುಖವೇ ಬರುತ್ತಿರಲಿಲ್ಲ.

ಮುದುಕ ಊರಿಗೆ ಮರಳಿದ. ಸುಳ್ಳು ಮುಖಗಳು ನನ್ನ ಹಿಂದೆ ಉಳಿಯಬಾರದು ಎಂದು ನಿಶ್ಚಯಿಸಿದ. ಹಿತ್ತಲಲ್ಲಿ ದೊಡ್ಡ ಹಂಡೆ ಇಟ್ಟು, ಮನೆಗಳಿಂದ ತಂದ ಚಿತ್ರಗಳನ್ನೇ ಉರಿಗೆ ಹಾಕಿ ನೀರು ಕುದಿಸಿ, ಬಟ್ಟೆ ಒಗೆಯುವ ಸೋಡಾ ಸುರಿದ. ಪ್ಲೇಟುಗಳನ್ನು ಅದರಲ್ಲಿ ಅದ್ದಿದ. ಮುಖಗಳು ಗಾಜಿನಿಂದ ಸಿಪ್ಪೆಯ ಹಾಗೆ ಎದ್ದು ನೀರಿಗೆ ಬಂದವು. ಆರು ದಿನ ಆ ಕೆಲಸ ನಡೆಯಿತು.

ಆ ಹೊತ್ತಿಗೆ ಪಟ್ಟಣದಲ್ಲಿ, ಲೆನ್ಸು ಕೊಂಡವನು ತನ್ನ ತಾಯಿಯ ಚಿತ್ರ ತೆಗೆದು ಒಂದು ಪ್ರತಿಯನ್ನು ವ್ಯಾಪಾರಿಗೆ ಕೊಟ್ಟ. ಹುಬ್ಬಿನ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಇಂಥ ಲೆನ್ಸು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ಹೊಗಳಿದ. ಹಳೆಯ ಗಾಜಿನ ಪ್ಲೇಟುಗಳಿದ್ದರೆ ಅವನ್ನೂ ತಾ, ಕೊಳ್ಳುತ್ತೇನೆ ಎಂದ. ವ್ಯಾಪಾರಿಗೆ ಮುದುಕನ ಪೆಟ್ಟಿಗೆಗಳ ನೆನಪಾಯಿತು. ಆ ಚಿತ್ರವನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಬಸ್ ಹತ್ತಿದ.

ಹಿತ್ತಲಿಗೆ ಹೋಗಿ ನೋಡಿದರೆ ಗೋಡೆಯ ಉದ್ದಕ್ಕೂ ಗಾಜುಗಳು ಒಣಗುತ್ತಿದ್ದವು. ಒಂದರಲ್ಲೂ ಏನೂ ಇರಲಿಲ್ಲ. ಅವುಗಳ ಹಿಂದಿನ ಮಣ್ಣು ಗೋಡೆ ಕಾಣುತ್ತಿತ್ತು.

"ಬಾ ತಮ್ಮಾ" ಎಂದು ಮುದುಕ ಕರೆದ. "ನೀ ಹೇಳಿ ಪುಣ್ಯಾ ಕಟಗೊಂಡಿ. ಎಲ್ಲಾ ತೊಳದೆ. ಯಾರಿಗರ ಕಿಡಕಿಗೆ ಬೇಕಾದ್ರ ಒಯ್ಯಲಿ."

ವ್ಯಾಪಾರಿ ಮುದುಕನ ಪಕ್ಕ ಕೂತ. "ಅಜ್ಜಾರ, ನಾ ಸುಳ್ಳು ಹೇಳಿದ್ನಿರಿ. ಲೆನ್ಸು ಛಲೋ ಐತಿ. ಬೆಲೆ ಇಳಸಾಕಂತ ಹೇಳಿದೆ" ಎಂದು, ಚೀಲದಿಂದ ಚಿತ್ರ ತೆಗೆದು ಮುದುಕನ ಕೈಗೆ ಕೊಟ್ಟ. "ಅದಽ ಲೆನ್ಸಿನ್ಯಾಗ ತೆಗದದ್ದು, ನೋಡ್ರಿ."

ಮುದುಕ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ತಿರುಗಿಸಿ ಬಿಸಿಲಿಗೆ ಹಿಡಿದು ನೋಡಿದ.

"ಇದೂ ಮಸಕಽ ಐತಲ್ಲೋ" ಎಂದ. ಆಮೇಲೆ ವ್ಯಾಪಾರಿಯ ಭುಜ ಮುಟ್ಟಿ, "ನೀ ಒಳ್ಳೆಯಂವ. ನನ್ನ ಸಮಾಧಾನಕ್ಕ ಹೇಳಾಕತ್ತಿ" ಎಂದ.

ವ್ಯಾಪಾರಿ ಆಣೆ ಮಾಡಿದ. ಅತ್ತ. ಬೆಲೆ ಇಳಿಸುವಾಗ ಒಂದೇ ಮಾತಿಗೆ ಅವನನ್ನು ನಂಬಿದ ಮುದುಕ, ಈಗ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ವ್ಯಾಪಾರಿ ಅವನ ಕಾಲು ಹಿಡಿದು, ಕಣ್ಣಿನ ಆಪರೇಷನ್ ಮಾಡಿಸುತ್ತೇನೆ ಬನ್ನಿ ಎಂದು ಬೇಡಿಕೊಂಡ. ಇಷ್ಟು ಕಾಲು ಹಿಡಿಯುತ್ತಾನಲ್ಲ ಎಂದು ಮುದುಕ ಭಯ ಬದಿಗಿಟ್ಟು ಅವನ ಜೊತೆ ಹೋದ. ಅವನನ್ನು ಆ ಮಂಜಿನಲ್ಲೇ ಬಿಟ್ಟಿದ್ದರೆ ದಯೆಯಾಗುತ್ತಿತ್ತೋ, ಕಣ್ಣು ಕೊಡಿಸಿದ್ದು ದಯೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಪ್ಪು ಮಾಡಿದವನಿಗೆ ಸುಮ್ಮನಿರಲು ಆಗುವುದಿಲ್ಲ. ಅಷ್ಟೇ ಗೊತ್ತು.

ಕಣ್ಣಿನ ಕಟ್ಟು ಬಿಚ್ಚಿದ ದಿನ ಮುದುಕ ತಾನಾಗಿಯೇ ಆ ಚಿತ್ರ ಕೇಳಿದ. ನೋಡಿದ. ಹುಬ್ಬು, ಕೂದಲು, ಕಣ್ಣಂಚಿನ ಗೆರೆ ಎಲ್ಲವೂ ಕಂಡವು. ವ್ಯಾಪಾರಿ ತಲೆ ತಗ್ಗಿಸಿ ನಿಂತ. ಬೈಗುಳಕ್ಕೆ ಕಾದ. ಮುದುಕ ಬೈಯಲಿಲ್ಲ. ಚಿತ್ರ ಹಿಂದಕ್ಕೆ ಕೊಟ್ಟು, ಒಬ್ಬನೇ ಬಸ್ ಹತ್ತಿ ಆ ತಾಯಿಯ ಮನೆಗೆ ಹೋದ.

ಗೋಡೆಯ ಮೇಲೆ ಮಗು ಇತ್ತು. ಕಿವಿಯ ಓಲೆಯ ಹರಳು ಕೂಡ ಸ್ಪಷ್ಟವಾಗಿತ್ತು. ಅವನು ಬರೆದ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಅದಕ್ಕಿಂತ ಒಳ್ಳೆಯ ಚಿತ್ರವನ್ನು ಅವನು ಜೀವಮಾನದಲ್ಲಿ ತೆಗೆದಿರಲಿಲ್ಲ. ಅಂಥವೇ ಎಷ್ಟೋ ಚಿತ್ರಗಳನ್ನು ಅವನೇ ಹಂಡೆಯಲ್ಲಿ ಕುದಿಸಿದ್ದ.

ತಾಯಿ ಅವನ ಎದುರು ಬಂದು ನಿಂತಳು. "ಈಗರ ಖರೇ ಹೇಳ್ರಿ ಅಜ್ಜಾರ. ಇದು ನನ್ನ ಮಗಳ ಮುಖ ಹೌದೊ ಅಲ್ಲೊ?"

"ಹೌದವ್ವಾ" ಎಂದ ಮುದುಕ. "ಖರೇನ ಹೌದು."

ಅವಳು ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ಅಂದು ಅಲ್ಲ ಎಂದವನೂ ಇವನೇ, ಇಂದು ಹೌದು ಎನ್ನುವವನೂ ಇವನೇ. ಯಾವ ಮಾತು ಹಿಡಿಯಬೇಕು? ಅವಳು ಒಳಗೆ ಹೋದಳು.

ಮುದುಕ ಮತ್ತೆ ಸ್ಟುಡಿಯೋದ ಬಾಗಿಲು ತೆಗೆಯಲಿಲ್ಲ. ಚಿತ್ರಕ್ಕೆ ಗೆದ್ದಲು ಹಿಡಿದಿದೆ ಎಂದು ಹಳ್ಳಿಗಳಿಂದ ಜನ ಬರುತ್ತಿದ್ದರು. ಬೀಗ ನೋಡಿಕೊಂಡು ಹೋಗುತ್ತಿದ್ದರು. ಆ ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ನನ್ನದು ತಪ್ಪಾಯಿತು, ಗುರುಗಳೇ. ನಾಳೆಯೇ ಹೋಗಿ ಆ ಗುಮಾಸ್ತರಿಗೆ ಸರಿಯಾದ ಬೆಲೆ ಕೊಟ್ಟು ಬರುತ್ತೇನೆ" ಎಂದ.

"ಬೆಲೆ ಆಮೇಲೆ ಕೊಡು," ಎಂದರು ಗುರುಗಳು, "ನಿನ್ನ ಮಾತು ನಂಬಿ ಮನೆಯಲ್ಲಿದ್ದ ಚಿತ್ರಗಳನ್ನು ಏನು ಮಾಡಿದರು ಎಂದು ಮೊದಲು ಕೇಳು."